ಗಡಿ ಸೀಮೆಯ ಆರ್‌ಸಿಬಿ ಫ್ಯಾನು

ಈ ಅಂಕಣದಲ್ಲಿ ಕ್ರಿಕೆಟ್ ವಿಷಯ ಎತ್ತಿದಾಗೆಲ್ಲ ಇನ್‌ಬಾಕ್ಸಿಗೆ ಒಂದು ಪ್ರಶ್ನೆ ಬಂದೇ ಬರುತ್ತೆ. "ನಿಮ್ದು ಕೊಳ್ಳೇಗಾಲ ಅಂತೀರಲ್ಲ, ಆ ಕಡೆ ಅರ್ಧ ಜನ ಸಿಎಸ್‌ಕೆ ಅಂತೆ, ನಿಜಾನಾ?" ಕೇಳುವವರ ದನಿಯಲ್ಲಿ ಸಣ್ಣದೊಂದು ಅನುಮಾನ ಇರುತ್ತೆ. ಗಡಿ ಕಡೆಯವರು, ಯಾವುದಕ್ಕೂ ಒಂದ್ಸಲ ಚೆಕ್ ಮಾಡಿಬಿಡೋಣ ಅನ್ನೋ ಥರ.

ಅರ್ಧ ಜನ ಇಲ್ಲ ಕಣ್ರೀ. ಆದ್ರೆ ಇದ್ದಾರೆ. ನಾನು ಕಂಡ ಹಾಗೆ ಯಳಂದೂರು ಕಡೆ ಹಳದಿ ಜೆರ್ಸಿ ಅಪರೂಪ. ಕೊಳ್ಳೇಗಾಲ ಪೇಟೆಯಲ್ಲಿ ಅಲ್ಲೊಂದು ಇಲ್ಲೊಂದು. ಹನೂರು ದಾಟಿ, ಮಾದಪ್ಪನ ಬೆಟ್ಟದ ದಾರಿ ಹಿಡಿದು, ಮಾರ್ಟಳ್ಳಿ ಕಡೆ ತಿರುಗಿದ್ರೆ ಲೆಕ್ಕ ಉಲ್ಟಾ. ಅಲ್ಲಿ ಎಷ್ಟೋ ಮನೆಗಳಲ್ಲಿ ಮನೆಮಾತು ತಮಿಳು, ಪೇಟೆ ಮಾತು ಕನ್ನಡ, ಮೊಬೈಲಿನ ವಾಲ್‌ಪೇಪರ್ ಧೋನಿ.

ನನ್ನ ಪಾರ್ಟಿ ಯಾವುದು ಅಂತ ಮೊದಲೇ ಹೇಳಿಬಿಡ್ತೀನಿ. 2008ರಿಂದ ಆರ್‌ಸಿಬಿ. ಮೊಟ್ಟಮೊದಲ ಐಪಿಎಲ್ ಮ್ಯಾಚಿನಲ್ಲೇ ಮೆಕಲಮ್ 158 ಹೊಡೆದು ನಮ್ಮನ್ನ 82ಕ್ಕೆ ಮನೆಗೆ ಕಳಿಸಿದ ದಿನದಿಂದ ಆರ್‌ಸಿಬಿ. 2017ರಲ್ಲಿ ಕೋಲ್ಕತ್ತಾದಲ್ಲಿ 49ಕ್ಕೆ ಆಲೌಟ್ ಆದ ರಾತ್ರಿಯೂ ಆರ್‌ಸಿಬಿ. ಇದರಲ್ಲಿ ಯಾವ ಅನುಮಾನವೂ ಬೇಡ.

ಆದ್ರೆ ಹಾಸ್ಟೆಲ್‌ನಲ್ಲಿ ನಾಲ್ಕು ವರ್ಷ ನನ್ನ ರೂಮ್‌ಮೇಟ್ ಆಗಿದ್ದವನು ಮಾರ್ಟಳ್ಳಿಯವನು. ಅಪ್ಪಟ ಸಿಎಸ್‌ಕೆ. ಅವನ ಜೊತೆ ನೋಡಿದಷ್ಟು ಮ್ಯಾಚು, ಆಡಿದಷ್ಟು ಜಗಳ ನಾನು ಬೇರೆ ಯಾರ ಜೊತೆಗೂ ಆಡಿಲ್ಲ. ಹಾಗಾಗಿ ಪೈಪೋಟಿ ಅಂದ್ರೆ ಏನು ಅನ್ನೋದರ ಬಗ್ಗೆ ನನಗೊಂದು ಅಭಿಪ್ರಾಯ ಇದೆ. ಎದುರಾಳಿ ಅಂದ್ರೆ ಪಕ್ಕದ ಮನೆಯವನು. ಇವತ್ತು ರಾತ್ರಿ ಕಾಲೆಳೆದು ನಾಳೆ ಬೆಳಿಗ್ಗೆ ಅವನ ಜೊತೆ ಟೀ ಕುಡಿಯೋ ಹಾಗಿದ್ರೆ ಮಾತ್ರ ಅದು ಪೈಪೋಟಿ. ಇಲ್ಲಾಂದ್ರೆ ಬರೀ ಜಗಳ. ಜಗಳ ಆಡೋದಕ್ಕೆ ಕ್ರಿಕೆಟ್ಟೇ ಆಗಬೇಕು ಅಂತೇನಿಲ್ಲ.

ಗೆರೆ ಎಳೆದವರು ಯಾರು?

ಮೊದಲು ಒಂಚೂರು ಹಿಸ್ಟರಿ. ಬೋರ್ ಆಗಲ್ಲ, ಓದಿ.

ರಣಜಿ ಟ್ರೋಫಿಯ ಮೊಟ್ಟಮೊದಲ ಮ್ಯಾಚ್ ಯಾವ್ಯಾವ ಟೀಮಿನ ನಡುವೆ ನಡೀತು ಗೊತ್ತಾ? ಮದ್ರಾಸ್ ಮತ್ತು ಮೈಸೂರು. 1934ರ ನವೆಂಬರ್ 4, ಚೆಪಾಕ್ ಮೈದಾನ. ಮೈಸೂರು ಮೊದಲ ಇನ್ನಿಂಗ್ಸ್‌ನಲ್ಲಿ 48, ಎರಡನೇದರಲ್ಲಿ 59. ನಡುವೆ ಮದ್ರಾಸ್ 130. ಎ.ಜಿ. ರಾಮ್‌ಸಿಂಗ್ ಒಬ್ಬರೇ 11 ವಿಕೆಟ್ ಕಿತ್ತರು. ಇಡೀ ಮ್ಯಾಚು ಒಂದೇ ದಿನಕ್ಕೆ ಮುಗೀತು. ಅಂದ್ರೆ ಚೆಪಾಕ್‌ನಲ್ಲಿ ಮಾನ ಕಳೆದುಕೊಳ್ಳೋ ಸಂಪ್ರದಾಯ ಆರ್‌ಸಿಬಿ ಶುರು ಮಾಡಿದ್ದಲ್ಲ, ನಮಗೆ ಅದು ತಾತನ ಕಾಲದ ಆಸ್ತಿ.

ಈಗ ಅಸಲಿ ಪ್ರಶ್ನೆ. ಆವತ್ತು ಕೊಳ್ಳೇಗಾಲದಲ್ಲಿ ಒಬ್ಬ ಕ್ರಿಕೆಟ್ ಹುಚ್ಚ ಇದ್ದಿದ್ರೆ ಯಾವ ಟೀಮಿಗೆ ಜೈ ಅಂತಿದ್ದ?

ಮ್ಯಾಪ್ ಪ್ರಕಾರ ಮದ್ರಾಸಿಗೆ. ಯಾಕಂದ್ರೆ ಕೊಳ್ಳೇಗಾಲ ಆಗ ಮದ್ರಾಸ್ ಪ್ರೆಸಿಡೆನ್ಸಿಯ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಹನೂರೂ ಅದರೊಳಗೇ. ಕಲೆಕ್ಟರ್ ಸಾಹೇಬರನ್ನ ನೋಡಬೇಕಂದ್ರೆ ಕೊಯಮತ್ತೂರಿಗೆ ಹೋಗಬೇಕಿತ್ತು. ನಮ್ಮ ತಾತನ ಹಳೇ ಜಮೀನು ಪತ್ರದಲ್ಲಿ ಇವತ್ತಿಗೂ ಕೊಯಮತ್ತೂರು ಜಿಲ್ಲೆ ಅಂತಲೇ ಇದೆ. ಅದೇ ಯಳಂದೂರು ನೋಡಿ, ದಿವಾನ್ ಪೂರ್ಣಯ್ಯನವರ ಜಹಗೀರು, ಮೈಸೂರು ಸಂಸ್ಥಾನಕ್ಕೆ ಸೇರಿದ್ದು. ಕೊಳ್ಳೇಗಾಲದಿಂದ ಯಳಂದೂರಿಗೆ ಬಸ್ಸಿನಲ್ಲಿ ಅರ್ಧ ಗಂಟೆ ದಾರಿ. ಈ ಅರ್ಧ ಗಂಟೆಯ ಆ ತುದಿಯವನು ಮೈಸೂರು ಟೀಮು, ಈ ತುದಿಯವನು ಮದ್ರಾಸ್ ಟೀಮು! ಭಾಷೆ ಅದೇ, ಊಟ ಅದೇ, ಸಂತೆ ಅದೇ, ಹೆಣ್ಣು ತರೋದು ಕೊಡೋದೂ ಒಬ್ಬರಿಗೊಬ್ಬರೇ.

1956ರ ನವೆಂಬರ್ 1ಕ್ಕೆ ರಾಜ್ಯಗಳನ್ನ ಮತ್ತೆ ವಿಂಗಡಿಸಿದಾಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ನಮ್ಮ ತಾತ ಮನೆ ಬಿಟ್ಟು ಕದಲಲಿಲ್ಲ. ಮದ್ರಾಸಿನವರಾಗಿ ಮಲಗಿದ್ರು, ಮೈಸೂರಿನವರಾಗಿ ಎದ್ದರು. ಅದೇ ಹೊತ್ತಿಗೆ ತಾಳವಾಡಿ ಕಡೆಯ ಹಳ್ಳಿಗಳು ಆ ಕಡೆಯೇ ಉಳಿದವು. ಅಣ್ಣಾವ್ರ ಗಾಜನೂರು ಇವತ್ತು ತಮಿಳುನಾಡಿನಲ್ಲಿದೆ. ಕನ್ನಡದ ವರನಟನ ಊರು ಗೆರೆಯ ಆ ಕಡೆ, ತಮಿಳು ಮಾತಾಡೋ ಮಾರ್ಟಳ್ಳಿ ಗೆರೆಯ ಈ ಕಡೆ.

ಇಂಥ ಸೀಮೆಯಲ್ಲಿ ಹುಟ್ಟಿದವನಿಗೆ "ನೀನು ಕರ್ನಾಟಕದಲ್ಲಿದ್ದುಕೊಂಡು ಅದು ಹೇಗೆ ಸಿಎಸ್‌ಕೆ ಫ್ಯಾನು?" ಅಂತ ಕೇಳೋ ಧೈರ್ಯ ಬರಲ್ಲ. ಗೆರೆ ಎರಡು ಮೈಲಿ ಆ ಕಡೆ ಈ ಕಡೆ ಆಗಿದ್ರೆ ನಾನೇ ಹಳದಿ ಶರ್ಟ್ ಹಾಕ್ಕೊಂಡು ವಿಸಿಲ್ ಹೊಡೀತಿದ್ನೇನೋ!

5–1 ಅನ್ನೋ ಲೆಕ್ಕ

ಈಗ ಫ್ಯಾನಾಗಿ ಮಾತಾಡ್ತೀನಿ. ಹೊಟ್ಟೆ ಉರಿ ಇದ್ದೇ ಇದೆ.

2025ರ ಸೀಸನ್ ಮುಗಿದಾಗ ಕಪ್ಪಿನ ಲೆಕ್ಕ ಸಿಎಸ್‌ಕೆ 5, ಆರ್‌ಸಿಬಿ 1. ಅವರದ್ದು 2010, 2011, 2018, 2021, 2023. ಅದರಲ್ಲಿ 2011ರ ಫೈನಲ್ಲು ನಮ್ಮ ಮೇಲೆಯೇ, ಅವರ ಚೆಪಾಕ್‌ನಲ್ಲೇ, 58 ರನ್ನಿನಿಂದ. ನಿಜ ಹೇಳಬೇಕಂದ್ರೆ ಬಹಳ ವರ್ಷ ಇದು ಪೈಪೋಟಿಯೇ ಆಗಿರಲಿಲ್ಲ. ಅಣ್ಣ ತಮ್ಮನ ತಲೆ ಮೇಲೆ ಮೊಟಕೋದನ್ನ ಪೈಪೋಟಿ ಅಂತಾರಾ?

2012ರಲ್ಲಿ ಚೆಪಾಕ್‌ನಲ್ಲಿ ನಾವು 205 ಹೊಡೆದ್ವಿ. ಅವರಿಗೆ ಕೊನೇ 2 ಓವರಿಗೆ 43 ಬೇಕಿತ್ತು. 19ನೇ ಓವರನ್ನ ವಿರಾಟ್ ಕೊಹ್ಲಿ ಕೈಗೆ ಕೊಟ್ಟರು. ಹೌದು, ಬೌಲಿಂಗ್ ಮಾಡೋಕೆ. ಆಲ್ಬಿ ಮಾರ್ಕೆಲ್ 28 ಚಚ್ಚಿದ. ಕೊನೇ ಬಾಲಿಗೆ ಮ್ಯಾಚ್ ಹೋಯ್ತು. 2013ರಲ್ಲಿ ಅದೇ ಚೆಪಾಕ್, ಕೊನೇ ಬಾಲು, ಜಡೇಜ ಎತ್ತಿ ಹೊಡೆದ, ಕ್ಯಾಚ್ ಹಿಡಿದಾಯ್ತು, ನಮ್ಮವರು ಕುಣಿಯೋಕೆ ಶುರು ಮಾಡಿದ್ರು. ಆರ್.ಪಿ. ಸಿಂಗ್ ಕಾಲು ಗೆರೆ ದಾಟಿತ್ತು. ನೋ ಬಾಲ್. ನಮ್ ಸೀಮೆಯವರ ಹಣೆಬರಹದಲ್ಲಿ ಗೆರೆ ಅನ್ನೋದು ಎಲ್ಲೆಲ್ಲಿ ಬಂದು ಕಾಟ ಕೊಡುತ್ತೆ ನೋಡಿ.

ಪೈಪೋಟಿಗೆ ಜೀವ ಬಂದಿದ್ದು ಆಮೇಲೆ. ನನ್ನ ಪ್ರಕಾರ 2019ರ ಏಪ್ರಿಲ್ 21ರಂದು. ಚಿನ್ನಸ್ವಾಮಿಯಲ್ಲಿ ಅವರಿಗೆ ಕೊನೇ ಓವರಿಗೆ 26. ಉಮೇಶ್ ಯಾದವ್ ಬೌಲಿಂಗು, ಧೋನಿ ಐದೇ ಬಾಲಿಗೆ 24 ಬಾರಿಸಿಬಿಟ್ಟ. ಆರನೇ ಬಾಲು ಬ್ಯಾಟಿಗೆ ಸಿಗಲಿಲ್ಲ, ಓಡಿದ್ರು, ಪಾರ್ಥಿವ್ ಪಟೇಲ್ ನೇರ ಸ್ಟಂಪಿಗೆ ಎಸೆದ. 1 ರನ್ನಿನಿಂದ ಗೆದ್ವಿ. ಗೆದ್ದಿದ್ದು ನಾವು, ಆದ್ರೆ ಆವತ್ತು ನಿದ್ದೆಗೆಟ್ಟಿದ್ದೂ ನಾವೇ. ಎದುರಾಳಿ ಅಂದ್ರೆ ಹೀಗಿರಬೇಕು ಸಾರ್, ಸೋತ ಮೇಲೂ ಹೆದರಿಸಬೇಕು.

ಆಮೇಲೆ 2024ರ ಮೇ 18. ಮೊದಲ 8 ಮ್ಯಾಚಿನಲ್ಲಿ 7 ಸೋತ ಟೀಮು ನಮ್ದು. ಅಲ್ಲಿಂದ ಸತತ ಗೆದ್ದುಕೊಂಡು ಬಂದು, ಪ್ಲೇಆಫ್‌ಗೆ ಒಂದೇ ಜಾಗ ಉಳಿದಿದ್ದಾಗ ಸಿಎಸ್‌ಕೆ ಮುಂದೆ ನಿಂತಿದ್ದು. ನಾವು 218. ಅವರು ಗೆಲ್ಲೋದೂ ಬೇಕಿರಲಿಲ್ಲ, 201 ತಲುಪಿದ್ರೆ ಸಾಕಿತ್ತು. ಕೊನೇ ಓವರಿಗೆ ಅದಕ್ಕೆ 17 ಬೇಕಿತ್ತು. ಯಶ್ ದಯಾಳ್‌ನ ಮೊದಲ ಬಾಲನ್ನ ಧೋನಿ ಸ್ಟೇಡಿಯಂ ಆಚೆ ಕಳಿಸಿದ. ಮುಂದಿನ ಬಾಲಿಗೆ ಔಟ್. ಅವರು 191ಕ್ಕೆ ನಿಂತರು.

ಆ ರಾತ್ರಿ ಮಾರ್ಟಳ್ಳಿ ಗೆಳೆಯನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮೂರು ದಿನ ಬಿಟ್ಟು, ನಾವು ಎಲಿಮಿನೇಟರ್‌ನಲ್ಲಿ ರಾಜಸ್ಥಾನದ ಮುಂದೆ ಸೋತ ಮರುಕ್ಷಣ ಅವನೇ ಫೋನ್ ಮಾಡಿದ. "ಏನ್ಲಾ ಮಗ, ಪ್ಲೇಆಫೇ ನಿಮ್ ಕಪ್ಪಾ? ಮೆರವಣಿಗೆ ಯಾವಾಗ?" ಅಂದ. ಬಡ್ಡಿ ಸಮೇತ ತೀರಿಸೋದು ಅಂದ್ರೆ ಇದು.

2025ರ ಮಾರ್ಚ್ 28ರಂದು ಚೆಪಾಕ್‌ನಲ್ಲಿ ಅವರನ್ನ 50 ರನ್ನಿನಿಂದ ಸೋಲಿಸಿದ್ವಿ. 2008ರ ನಂತರ ಅಲ್ಲಿ ಅವರ ಮೇಲೆ ಮೊದಲ ಗೆಲುವು. ಅಂದ್ರೆ 17 ವರ್ಷ. ಮೇ 3ಕ್ಕೆ ಚಿನ್ನಸ್ವಾಮಿಯಲ್ಲಿ ಇನ್ನೊಂದು, ಬರೀ 2 ರನ್ನಿನಲ್ಲಿ. ಆ ಸಲ ಗೆಳೆಯ ಫೋನ್ ಎತ್ತಿದ. "ಬುಡ್ಲಾ, ನಮ್ಗೂ ವಯಸ್ಸಾಯ್ತು" ಅಂದ. ಧೋನಿಗೆ ಅಂದ್ನೋ ತನಗೇ ಅಂದ್ಕೊಂಡ್ನೋ ಗೊತ್ತಾಗಲಿಲ್ಲ.

ಕಾವೇರಿನ ಸ್ಟಂಪಿಗೆ ಕಟ್ಟಬೇಡಿ

ಈ ಪೈಪೋಟಿ ಕೆಡೋದು ಒಂದೇ ಕಡೆ. ನೀರಿನ ಹತ್ರ.

ಕೊಳ್ಳೇಗಾಲದವರಿಗೆ ಕಾವೇರಿ ಟಿವಿಯಲ್ಲಿ ಬರೋ ಸುದ್ದಿಯಲ್ಲ. ಶಿವನಸಮುದ್ರದಲ್ಲಿ ಅವಳು ಧುಮುಕೋದು ನಮ್ಮ ಮಗ್ಗುಲಲ್ಲೇ. ಅಲ್ಲಿಂದ ಹರಿದು, ಹನೂರಿನ ಕಾಡಂಚು ಸುತ್ತಿಕೊಂಡು, ಹೊಗೆನಕಲ್ ದಾಟಿ ಮೆಟ್ಟೂರು ಡ್ಯಾಂ ಸೇರ್ತಾಳೆ. ಆ ಮೆಟ್ಟೂರು ಡ್ಯಾಂ ಮುಗಿದಿದ್ದೂ 1934ರಲ್ಲೇ, ಮದ್ರಾಸ್–ಮೈಸೂರು ಮೊದಲ ರಣಜಿ ಆಡಿದ ವರ್ಷವೇ. ಕಾಕತಾಳೀಯ ಇರಬಹುದು. ಆದ್ರೆ ಈ ಎರಡು ಕಡೆಯವರ ನಡುವೆ ಆಟ ಮತ್ತು ನೀರು ಒಟ್ಟೊಟ್ಟಿಗೇ ಬೆಳೆದಿವೆ.

2018ರಲ್ಲಿ ಏನಾಯ್ತು ನೆನಪಿದೆಯಾ? ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಕರ್ನಾಟಕದ ಪಾಲಿಗೆ 14.75 ಟಿಎಂಸಿ ಜಾಸ್ತಿ ಆಯ್ತು. ಏಪ್ರಿಲ್‌ನಲ್ಲಿ ಕಾವೇರಿ ನಿರ್ವಹಣಾ ಮಂಡಳಿ ಬೇಕು ಅಂತ ತಮಿಳುನಾಡಿನಲ್ಲಿ ಪ್ರತಿಭಟನೆ. ಎರಡು ವರ್ಷದ ನಿಷೇಧ ಮುಗಿಸಿ ಬಂದಿದ್ದ ಸಿಎಸ್‌ಕೆ, ಚೆಪಾಕ್‌ನಲ್ಲಿ ಒಂದು ಮ್ಯಾಚ್ ಆಡಿತು. ಗ್ಯಾಲರಿಯಿಂದ ಮೈದಾನಕ್ಕೆ ಚಪ್ಪಲಿ ಬಿತ್ತು. ಉಳಿದ ಮ್ಯಾಚೆಲ್ಲ ಪುಣೆಗೆ ಹೋದವು. ಚೆನ್ನೈಯಿಂದ ಪುಣೆಗೆ ಫ್ಯಾನ್‌ಗಳಿಗೇ ಅಂತ ಒಂದು ರೈಲು ಬಿಟ್ಟರು. ಆ ವರ್ಷ ಕಪ್ಪೂ ಅವರೇ ಗೆದ್ದರು.

ನನ್ನ ಗೆಳೆಯ ಆಗ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಎರಡು ವರ್ಷ ಟೀಮೇ ಇರಲಿಲ್ಲ, ಧೋನಿ ಹಿಂದೆ ಪುಣೆ ಟೀಮಿಗೆ ಜೈ ಅಂದೆ. ಈಗ ಟೀಮ್ ಬಂದೈತೆ, ಮತ್ತೆ ಪುಣೆಗೇ ಹೋಗೈತೆ. ನನ್ ಜಾತಕದಲ್ಲಿ ಪುಣೆ ಬರ್ದೈತೆ ಕಣ್ಲಾ."

ನಕ್ಕೆವು. ಆದ್ರೆ ನಗುವ ವಿಷಯ ಅಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಬಸ್ಸು ಸುಟ್ಟಾಗ ಈ ಗೆಳೆಯನ ಅಪ್ಪ ಮಗನಿಗೆ ಫೋನ್ ಮಾಡಿ, "ಬಸ್ಸಲ್ಲಿ ಕೂತಾಗ ನನಗೆ ಫೋನ್ ಮಾಡಬೇಡ, ತಮಿಳಲ್ಲಿ ಮಾತಾಡಬೇಡ" ಅಂದಿದ್ದರು. ಕರ್ನಾಟಕದಲ್ಲೇ ಹುಟ್ಟಿ, ಕನ್ನಡ ಮೀಡಿಯಂ ಓದಿ, ನನಗಿಂತ ಚೆನ್ನಾಗಿ ಹಳಗನ್ನಡ ಬಾಯಿಪಾಠ ಮಾಡಿದ್ದ ಹುಡುಗನಿಗೆ.

ಹಾಗಾಗಿ ಆರ್‌ಸಿಬಿ–ಸಿಎಸ್‌ಕೆ ಮ್ಯಾಚ್ ದಿನ ಯಾರಾದ್ರೂ "ಒಂದು ಹನಿ ನೀರೂ ಬಿಡಲ್ಲ" ಅಂತ ಮೀಮ್ ಹಾಕಿದ್ರೆ ನನಗೆ ನಗು ಬರಲ್ಲ. ನೀರಿಗೆ ಟ್ರಿಬ್ಯುನಲ್ ಇದೆ, ಕೋರ್ಟಿದೆ, ಟಿಎಂಸಿ ಲೆಕ್ಕ ಹಾಕೋರಿದ್ದಾರೆ. ನಮ್ಮ ರೈತರ ಹಕ್ಕು ಬಿಟ್ಟುಕೊಡಿ ಅಂತ ನಾನು ಹೇಳ್ತಿಲ್ಲ, ಅದನ್ನ ಗಟ್ಟಿಯಾಗಿ ಕೇಳೋಣ. ಆದ್ರೆ ಕೇಳಬೇಕಾದ ಜಾಗದಲ್ಲಿ ಕೇಳೋಣ. ಒಬ್ಬ ಬ್ಯಾಟ್ಸ್‌ಮನ್ ಔಟಾದ್ರೆ ಮೆಟ್ಟೂರಿನಲ್ಲಿ ನೀರು ಏರಲ್ಲ, ಕೆಆರ್‌ಎಸ್‌ನಲ್ಲಿ ಇಳಿಯಲ್ಲ.

ನಮ್ಮವರು ಅಂದ್ರೆ ಯಾರು?

"ಸಿಎಸ್‌ಕೆಗೆ ಸಪೋರ್ಟ್ ಮಾಡೋನು ಕನ್ನಡ ದ್ರೋಹಿ" ಅನ್ನೋರಿಗೆ ನನ್ನದೊಂದು ಸಣ್ಣ ಪರೀಕ್ಷೆ.

2025ರ ಏಪ್ರಿಲ್ 10. ಚಿನ್ನಸ್ವಾಮಿ. ಡೆಲ್ಲಿ ಕ್ಯಾಪಿಟಲ್ಸ್‌ನ ಒಬ್ಬ ಬ್ಯಾಟ್ಸ್‌ಮನ್ ಔಟಾಗದೆ 93 ಹೊಡೆದು ಆರ್‌ಸಿಬಿಯನ್ನ ಸೋಲಿಸಿದ. ಗೆದ್ದಮೇಲೆ ಬ್ಯಾಟಿನಲ್ಲಿ ನೆಲಕ್ಕೆ ಗೆರೆ ಎಳೆದು, ಬ್ಯಾಟ್ ಊರಿ, ಇದು ನನ್ನ ಗ್ರೌಂಡು ಅಂತ ತೋರಿಸಿದ. ಹೆಸರು ಕೆ.ಎಲ್. ರಾಹುಲ್. ಅದು 'ಕಾಂತಾರ'ದಿಂದ ಬಂದ ಐಡಿಯಾ ಅಂತ ಆಮೇಲೆ ತಾನೇ ಹೇಳಿದ. ಹೇಳಿ, ಆವತ್ತು ಕನ್ನಡಿಗ ಗೆದ್ದನೋ ಸೋತನೋ?

ಅದೇ ವರ್ಷ ಅತಿ ಹೆಚ್ಚು ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಹಾಕ್ಕೊಂಡಿದ್ದು ನಮ್ಮ ಬೆಂಗಳೂರಿನ ಪ್ರಸಿದ್ಧ್ ಕೃಷ್ಣ, ಆದ್ರೆ ಗುಜರಾತ್ ಟೀಮಿಗೆ. ಸಿಎಸ್‌ಕೆ 2021ರ ಕಪ್ ಗೆದ್ದ ಫೈನಲ್‌ನಲ್ಲಿ 15 ಬಾಲಿಗೆ 31 ಹೊಡೆದದ್ದು ಕೊಡಗಿನ ರಾಬಿನ್ ಉತ್ತಪ್ಪ. ಇನ್ನು ನಮ್ಮ ಕಡೆ ನೋಡಿ. ನಾವು ಡಿಕೆ, ಡಿಕೆ ಅಂತ ಗಂಟಲು ಹರಿದುಕೊಂಡ ದಿನೇಶ್ ಕಾರ್ತಿಕ್ ಚೆನ್ನೈನವರು. ನಮ್ಮ ಕಿಂಗ್ ದೆಹಲಿಯವರು. ಅವರ ತಲಾ ರಾಂಚಿಯವರು. 2025ರ ಫೈನಲ್ ಆಡಿದ ನಮ್ಮ ಹನ್ನೊಂದರಲ್ಲಿ ಕರ್ನಾಟಕದವರು ಮಯಾಂಕ್ ಅಗರ್ವಾಲ್ ಒಬ್ಬರೇ. ಅವರೂ ಬಂದಿದ್ದು ದೇವದತ್ತ ಪಡಿಕ್ಕಲ್ ಗಾಯ ಮಾಡಿಕೊಂಡ ಮೇಲೆ.

ಮಾಲೀಕರ ವಿಷಯ ಕೇಳಲೇಬೇಡಿ. ನಮ್ಮ ಟೀಮಿನ ಹೆಸರು ಬಂದಿದ್ದು ಒಂದು ವಿಸ್ಕಿ ಬ್ರ್ಯಾಂಡಿನಿಂದ. ಅವರ ಟೀಮು ಕಟ್ಟಿದ್ದು ಒಂದು ಸಿಮೆಂಟ್ ಕಂಪನಿ.

ಹಾಗಾದ್ರೆ ಈ ಟೀಮು ಯಾರದ್ದು? ಈ ಪ್ರಶ್ನೆಗೆ ನಮ್ಮ ಪ್ರಾಜೆಕ್ಟಿನಲ್ಲಿ ಕ್ಲೈಂಟ್ ಕಡೆ ಇರುವ ಒಬ್ಬ ಅಮೆರಿಕನ್ ಒಳ್ಳೆ ಕಥೆ ಹೇಳಿದ್ರು. ಅವರ ಊರು ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ. ಅವರ ಹುಚ್ಚು ಅಮೆರಿಕನ್ ಫುಟ್‌ಬಾಲ್, ಚೆಂಡನ್ನ ಕೈಯಲ್ಲೇ ಹಿಡ್ಕೊಂಡು ಡಿಕ್ಕಿ ಹೊಡೆಯೋ ಆಟ. ಗ್ರೀನ್ ಬೇ ಒಂದು ಲಕ್ಷ ಚಿಲ್ಲರೆ ಜನಸಂಖ್ಯೆಯ ಊರು, ನಮ್ಮ ಲೆಕ್ಕದಲ್ಲಿ ಜಿಲ್ಲಾ ಕೇಂದ್ರ ಅನ್ನಬಹುದು. ಆದ್ರೆ ಅದಕ್ಕೊಂದು ದೊಡ್ಡ ಲೀಗ್ ಟೀಮಿದೆ, ಪ್ಯಾಕರ್ಸ್ ಅಂತ. ಆ ಹೆಸರೂ ಒಂದು ಮಾಂಸ ಪ್ಯಾಕ್ ಮಾಡೋ ಕಂಪನಿಯಿಂದ ಬಂದದ್ದು, ಜೆರ್ಸಿಗೆ ದುಡ್ಡು ಕೊಟ್ಟಿದ್ದು ಅವರೇ ಅಂತ. 1923ರಿಂದ ಅದಕ್ಕೆ ಒಬ್ಬ ಧಣಿ ಅಂತ ಇಲ್ಲ. ಐದು ಲಕ್ಷಕ್ಕೂ ಹೆಚ್ಚು ಜನ ಷೇರುದಾರರು. ಲಾಭಾಂಶ ಒಂದು ಪೈಸೆ ಬರಲ್ಲ. ಟೀಮು ನಮ್ದು ಅನ್ನೋ ಒಂದು ಕಾಗದ ಸಿಗುತ್ತೆ, ಗೋಡೆಗೆ ತೂಗುಹಾಕ್ತಾರೆ.

ಅವರ ಜನ್ಮ ವೈರಿ ಪಕ್ಕದ ರಾಜ್ಯದ ಮಹಾನಗರ, ಶಿಕಾಗೋದ ಬೇರ್ಸ್. 1921ರಿಂದ ಆಡ್ತಾ ಇದ್ದಾರೆ. ಎರಡೂ ಊರಿನ ನಡುವೆ ಹೆಚ್ಚುಕಮ್ಮಿ ಬೆಂಗಳೂರು–ಚೆನ್ನೈ ದೂರ. "ಗಡಿ ಊರುಗಳಲ್ಲಿ ಗಂಡ ಒಂದು, ಹೆಂಡತಿ ಇನ್ನೊಂದು ಇರ್ತಾರಾ?" ಅಂತ ಕೇಳಿದೆ. "ಇರ್ತಾರೆ, ಭಾನುವಾರ ಒಂದಿನ ಮಾತು ಬಿಡ್ತಾರೆ, ಅಷ್ಟೇ" ಅಂದ್ರು.

ಇನ್ನೊಂದು ಊರಿನ ಕಥೆಯನ್ನೂ ಅವರೇ ಹೇಳಿದ್ದು, ಬಾಲ್ಟಿಮೋರ್. ಅಲ್ಲಿಯ ಕೋಲ್ಟ್ಸ್ ಟೀಮಿನ ಮಾಲೀಕ 1984ರ ಮಾರ್ಚ್‌ನಲ್ಲಿ ಒಂದು ರಾತ್ರಿ ಟೀಮಿನ ಸಾಮಾನೆಲ್ಲ ಲಾರಿಗೆ ತುಂಬಿಸಿ ಇಂಡಿಯಾನಾಪೊಲಿಸ್‌ಗೆ ಸಾಗಿಸಿಬಿಟ್ಟ. ಬೆಳಿಗ್ಗೆ ಎದ್ದ ಜನಕ್ಕೆ ಟೀಮೇ ಇಲ್ಲ. ಕೊಳ್ಳೇಗಾಲದಲ್ಲಿ ಜನ ಅಲ್ಲೇ ಇದ್ದರು, ರಾಜ್ಯ ಬದಲಾಯ್ತು. ಬಾಲ್ಟಿಮೋರ್‌ನಲ್ಲಿ ಜನ ಅಲ್ಲೇ ಇದ್ದರು, ಟೀಮು ಓಡಿಹೋಯ್ತು.

ಇದರಿಂದ ನನಗೆ ಅರ್ಥ ಆಗಿದ್ದಿಷ್ಟು. ಆಟಗಾರ ಹರಾಜಿಗೆ ಬರ್ತಾನೆ, ಹೋಗ್ತಾನೆ. ಮಾಲೀಕ ಮಾರ್ತಾನೆ, ಕೊಳ್ತಾನೆ. ಟೀಮಿನಲ್ಲಿ ಖಾಯಂ ಆಗಿರೋದು ಫ್ಯಾನು ಮಾತ್ರ. ಅವನಿಗೆ ಸಂಬಳವಿಲ್ಲ, ಷೇರೂ ಇಲ್ಲ. ಹೀಗಿರುವಾಗ ಒಬ್ಬ ಫ್ಯಾನು ಇನ್ನೊಬ್ಬ ಫ್ಯಾನಿಗೆ ಶತ್ರು ಆಗೋದರಲ್ಲಿ ಏನರ್ಥ?

ಅಸಲಿ ಪೈಪೋಟಿ ಬೇಕಾ? ರಣಜಿ ನೋಡಿ

ಕನ್ನಡಿಗರು ಮತ್ತು ತಮಿಳರು ನಿಜವಾಗಿ ಎದುರುಬದುರು ನಿಲ್ಲೋದನ್ನ ನೋಡಬೇಕಾ? ಅದು ಐಪಿಎಲ್‌ನಲ್ಲಿ ಸಿಗಲ್ಲ. ದೇಶಿ ಕ್ರಿಕೆಟ್‌ಗೆ ಬನ್ನಿ.

ಅಲ್ಲಿ ಲೆಕ್ಕ ಉಲ್ಟಾ. ಕರ್ನಾಟಕ 8 ಸಲ ರಣಜಿ ಗೆದ್ದಿದೆ, ತಮಿಳುನಾಡು 2. ನಮ್ಮ ಮೊದಲ ಕಪ್ಪು ಬಂದಿದ್ದು 1973–74ರಲ್ಲಿ, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದ ಸೀಸನ್ನಿನಲ್ಲೇ. ಸತತ 15 ವರ್ಷ ಗೆದ್ದಿದ್ದ ಬಾಂಬೆಯನ್ನ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಅವರಿದ್ದ ಟೀಮು ಸೆಮಿಫೈನಲ್‌ನಲ್ಲಿ ಮುರೀತು. 2015ರಲ್ಲಿ ತಮಿಳುನಾಡಿನ ಮೇಲೆಯೇ ಫೈನಲ್ಲು, ಮುಂಬೈನಲ್ಲಿ. ಕರುಣ್ ನಾಯರ್ 328. ಇನ್ನಿಂಗ್ಸ್ ಮತ್ತು 217 ರನ್ನಿನ ಗೆಲುವು. 1934ರ ಸಾಲ ತೀರಿತು ಅಂತ ನಾನು ಆವತ್ತೇ ಘೋಷಿಸಿದ್ದೆ.

2019ರ ಡಿಸೆಂಬರ್‌ನಲ್ಲಿ ಸೈಯದ್ ಮುಷ್ತಾಕ್ ಅಲಿ ಫೈನಲ್ಲು, ಸೂರತ್‌ನಲ್ಲಿ. ಕೆ. ಗೌತಮ್ ಹಾಕಿದ ಕೊನೇ ಓವರ್, 1 ರನ್ನಿನಿಂದ ನಾವು ಗೆದ್ವಿ. 2021ರಲ್ಲಿ ಅದೇ ಟೂರ್ನಿ, ಅದೇ ಎರಡು ಟೀಮು, ದೆಹಲಿಯಲ್ಲಿ ಫೈನಲ್ಲು. ಕೊನೇ ಬಾಲಿಗೆ 5 ಬೇಕು, ಚೆನ್ನೈ ಹುಡುಗ ಶಾರುಖ್ ಖಾನ್ ಸಿಕ್ಸರ್ ಎತ್ತಿದ. ಒಂದೊಂದು ಸಲ ಒಬ್ಬೊಬ್ಬರು. ಪೈಪೋಟಿ ಅಂದ್ರೆ ಇದು. ಆದ್ರೆ ಈ ಮ್ಯಾಚು ನೋಡಿದವರು ನಿಮ್ಮ ಆಫೀಸಿನಲ್ಲಿ ಎಷ್ಟು ಜನ ಇದ್ದಾರೆ, ಕೇಳಿ ನೋಡಿ.

ನಮ್ಮ ಸೀಮೆಗೆ ಹತ್ತಿರದಲ್ಲಿ ನಡೆದ ದೊಡ್ಡ ಮ್ಯಾಚು ಅಂದ್ರೆ 2010ರ ಜನವರಿಯ ರಣಜಿ ಫೈನಲ್, ಮೈಸೂರಿನ ಮಾನಸಗಂಗೋತ್ರಿ ಮೈದಾನದಲ್ಲಿ, ಮುಂಬೈ ವಿರುದ್ಧ. ಚಿಕ್ಕಪ್ಪನ ಜೊತೆ ಕೊಳ್ಳೇಗಾಲದಿಂದ ಬೆಳಗಿನ ಬಸ್ಸಿಗೆ ಹೋಗಿದ್ದೆ, ಆಗ ಹೈಸ್ಕೂಲು. ಗೆಲ್ಲೋಕೆ 338 ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದ. ನಾವು 331ಕ್ಕೆ ಆಲೌಟ್. 6 ರನ್ನಿನ ಸೋಲು. ಅದರ ಹಿಂದಿನ ವರ್ಷವೇ ಜೊಹಾನ್ಸ್‌ಬರ್ಗ್‌ನಲ್ಲಿ ಆರ್‌ಸಿಬಿ ಡೆಕ್ಕನ್ ಚಾರ್ಜರ್ಸ್ ಮುಂದೆ ಫೈನಲ್ ಸೋತಿತ್ತು. ಅದೂ 6 ರನ್ನು.

ಕೊನೆಗೆ 2025ರ ಜೂನ್ 3ರ ರಾತ್ರಿ ಅಹಮದಾಬಾದ್‌ನಲ್ಲಿ ಆರ್‌ಸಿಬಿ 190, ಪಂಜಾಬ್ 184. ಅದೇ 6 ರನ್ನು. ಈ ಸಲ ನಮ್ಮ ಕಡೆಗೆ. ನಾಲ್ಕನೇ ಫೈನಲ್ಲಿಗೆ, ಹದಿನೆಂಟನೇ ಸೀಸನ್ನಿಗೆ, ನಿಜವಾಗ್ಲೂ ಕಪ್ ನಮ್ದಾಯ್ತು. (ನಮ್ಮ ಹೆಣ್ಣುಮಕ್ಕಳು 2024ರ ಮಾರ್ಚ್‌ನಲ್ಲೇ ಎರಡನೇ ಸೀಸನ್ನಿಗೆ ಗೆದ್ದು ತೋರಿಸಿದ್ದರು. ಅದನ್ನ ಮರೆತು "ಮೊದಲ ಕಪ್" ಅನ್ನೋರನ್ನ ಕಂಡ್ರೆ ನನ್ನ ತಂಗಿಗೆ ಸಿಟ್ಟು ಬರುತ್ತೆ. ನ್ಯಾಯವೇ.)

ಜೂನ್ 4

ಮಾರನೇ ದಿನದ ಬಗ್ಗೆ ಬರೆಯದೆ ಆರ್‌ಸಿಬಿ ಬಗ್ಗೆ ಬರೆಯೋದು ಸರಿಯಲ್ಲ.

ಜೂನ್ 4ರ ಸಂಜೆ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಹೆಚ್ಚಿನವರು ನಮ್ಮ ವಯಸ್ಸಿನವರು, ನಮಗಿಂತ ಚಿಕ್ಕವರು. ಕಪ್ ನೋಡೋಕೆ ಬಂದವರು. ಗೆದ್ದು ಇನ್ನೂ ಒಂದು ಪೂರ್ತಿ ದಿನವೂ ಆಗಿರಲಿಲ್ಲ.

ನಾನು ಆಫೀಸಿನಲ್ಲಿದ್ದೆ. ಸುದ್ದಿ ಬರೋಕೆ ಶುರುವಾದಾಗ ಮೊದಲು ಬಂದ ಫೋನು ಮಾರ್ಟಳ್ಳಿ ಗೆಳೆಯಂದು. ಅಮ್ಮ ಫೋನ್ ಮಾಡಿದ್ದೂ ಅವನ ನಂತರ. ಹಿಂದಿನ ರಾತ್ರಿ ನಾನು ಕಳಿಸಿದ್ದ ಇಪ್ಪತ್ತು ಮೆಸೇಜಿಗೆ ಅವನು ಉತ್ತರ ಕೊಟ್ಟಿರಲಿಲ್ಲ, ಸೇಡು ತೀರಿಸ್ಕೊಳ್ಳೋಕೆ ಕಾಯ್ತಿದ್ದ ಅಂದ್ಕೊಂಡಿದ್ದೆ. ಅವನು ಕೇಳಿದ್ದು ಎರಡೇ ಮಾತು. "ಎಲ್ಲಿದ್ದೀಯಲಾ? ಆ ಕಡೆ ಹೋಗಿಲ್ಲ ತಾನೆ?" ಇಲ್ಲ ಅಂದೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವನೇ "ಊರಿಗೆ ಫೋನ್ ಮಾಡಿ ಹೇಳು, ಅಮ್ಮ ಗಾಬರಿ ಆಗಿರ್ತಾರೆ" ಅಂದು ಇಟ್ಟ.

ಯಾರದು ತಪ್ಪು ಅನ್ನೋದನ್ನ ತನಿಖೆ, ಕೋರ್ಟು ಹೇಳಲಿ. ಫ್ಯಾನಾಗಿ ನನ್ನದು ಒಂದೇ ಪ್ರಶ್ನೆ. 18 ವರ್ಷ ಕಾದ ಜನ, ಇನ್ನೊಂದು ವಾರ ಕಾಯ್ತಿರಲಿಲ್ವಾ? ನಮ್ಮ ಮಾದಪ್ಪನ ಬೆಟ್ಟದ ಜಾತ್ರೆಗೆ ಎರಡೂ ರಾಜ್ಯದಿಂದ ಲಕ್ಷಗಟ್ಟಲೆ ಜನ ಬರ್ತಾರೆ. ನಡ್ಕೊಂಡು ಬರೋರು, ಬಸ್ಸಲ್ಲಿ ಬರೋರು, ಮಕ್ಕಳು, ಮುದುಕರು. ಯಾರ ಬಾಯಲ್ಲಾದ್ರೂ ಒಂದೇ ಕೂಗು, ಉಘೇ. ಅಲ್ಲಿ ಜಾತ್ರೆ ಯಾವತ್ತು ಅಂತ ಎಲ್ಲರಿಗೂ ಮೊದಲೇ ಗೊತ್ತಿರುತ್ತೆ, ತಯಾರಿ ಮೊದಲೇ ಆಗಿರುತ್ತೆ. ಜನರ ಭಕ್ತಿ ಬೇಕು ಅನ್ನೋನು ಜನ ಬರೋ ದಾರಿಯನ್ನೂ ನೋಡ್ಕೋಬೇಕು. ದೇವಸ್ಥಾನಕ್ಕಾಗಲಿ, ಸ್ಟೇಡಿಯಂಗಾಗಲಿ ಇದೇ ರೂಲ್ಸು.

ಆಮೇಲೆ ಆ ವರ್ಷದ ಮಹಾರಾಜ ಟ್ರೋಫಿ ಮೈಸೂರಿಗೆ ಹೋಯ್ತು. ಮಹಿಳಾ ವಿಶ್ವಕಪ್‌ನ ಮ್ಯಾಚುಗಳು ಬೆಂಗಳೂರಿನ ಕೈತಪ್ಪಿ ನವಿ ಮುಂಬೈಗೆ ಹೋದವು. ಸತ್ತವರ ಮನೆಗಳಿಗೆ ಆರ್‌ಸಿಬಿ ತಲಾ 25 ಲಕ್ಷ ಕೊಟ್ಟಿತು. ದುಡ್ಡು ಬೇಕು, ಸರಿ. ಆದ್ರೆ ಆ ಮನೆಗಳಲ್ಲಿ "ಈ ಸಲ ಕಪ್ ನಮ್ದೇ" ಅನ್ನೋ ಮಾತು ಇನ್ನು ಮುಂದೆ ಹೇಗೆ ಕೇಳಿಸುತ್ತೆ ಅಂತ ಯೋಚಿಸಿದ್ದೀರಾ? ನಾನು ಆ ಮಾತನ್ನ ಜೋರಾಗಿ ಕೂಗೋದು ಬಿಟ್ಟಿದ್ದೀನಿ. ಟೀಮು ಬಿಟ್ಟಿಲ್ಲ.

ಗಡಿಯವನ ನಾಲ್ಕು ಮಾತು

ಉಪದೇಶ ಅಲ್ಲ. ನಮ್ಮ ಕಡೆ ನಾವು ನಡೆಸಿಕೊಂಡು ಬಂದಿರೋದು.

ಒಂದು, ಕಾಲೆಳೆಯೋದು ಆಟದ ಬಗ್ಗೆ ಮಾತ್ರ. ನೋ ಬಾಲ್, 49, 5–1, ಧೋನಿ ವಯಸ್ಸು, ಎಲ್ಲ ಓಕೆ. ಭಾಷೆ, ನೀರು, ಅಮ್ಮ ಅಕ್ಕ, ಯಾವತ್ತೂ ಬೇಡ.

ಎರಡು, ಗೆದ್ದವನೇ ಟೀ ಕೊಡಿಸಬೇಕು. ಸೋತವನ ಹತ್ರ ಕೊಡಿಸ್ಕೊಳ್ಳೋದು ಗಾಯದ ಮೇಲೆ ಬರೆ.

ಮೂರು, ಮ್ಯಾಚ್ ಕೈಬಿಟ್ಟ ದಿನವೂ ಫೋನ್ ಎತ್ತಬೇಕು. ಮೂರು ದಿನ ಬಿಟ್ಟಾದ್ರೂ.

ನಾಲ್ಕು, ವರ್ಷಕ್ಕೊಂದು ರಣಜಿ ಮ್ಯಾಚನ್ನಾದ್ರೂ ಮೈದಾನಕ್ಕೆ ಹೋಗಿ ನೋಡಬೇಕು. ನೂಕುನುಗ್ಗಲಿಲ್ಲ, ಬ್ಲ್ಯಾಕ್ ಟಿಕೆಟ್ ಇಲ್ಲ. ಬೌಂಡರಿ ಹತ್ರ ಕೂತ್ರೆ ಫೀಲ್ಡರ್ ಬೈಕೊಳ್ಳೋದೂ ಕೇಳಿಸುತ್ತೆ. ಬೈಗುಳ ಕನ್ನಡದಲ್ಲಿದ್ರೆ ಖುಷಿ ಜಾಸ್ತಿ.

ಮುಂದಿನ ಸಲ ಕರ್ನಾಟಕ–ತಮಿಳುನಾಡು ರಣಜಿ ಮ್ಯಾಚು ಎಲ್ಲೇ ಬೀಳಲಿ, ನಾನು, ಮಾರ್ಟಳ್ಳಿ ಗೆಳೆಯ ಇಬ್ಬರೂ ರಜೆ ಹಾಕ್ತೀವಿ ಅಂತ ಮಾತಾಗಿದೆ. ಅವನು ಆ ಕಡೆ, ನಾನು ಈ ಕಡೆ, ಬುತ್ತಿ ಮಾತ್ರ ಒಂದೇ. ನಿಮ್ಮ ಮನೆಯಲ್ಲೂ ಎದುರು ಪಾರ್ಟಿಯವರು ಇದ್ರೆ ಬರೆದು ತಿಳಿಸಿ. ಕಾಸರಗೋಡಿನವರು, ಬೆಳಗಾವಿಯವರು, ಹೊಸೂರಿನವರು, ನಿಮ್ಮನ್ನೇ ಕೇಳ್ತಿರೋದು.